ಬಟ್ಟೆ ಕಟ್ಟಿದ ಚೀಲದ ನಿಯಮ

ಈ ಜನವರಿಯಲ್ಲಿ ಗೆಳತಿಯೊಬ್ಬಳ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಬ್ಯಾಡಗಿಗೆ ಹೋಗಬೇಕಾಯಿತು. ಹಾವೇರಿಯಲ್ಲಿ ಹತ್ತಿದ ಬಸ್ಸು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿತು. ಊರು ಇನ್ನೂ ದೂರವಿತ್ತು. ಆಗಲೇ ಹಿಂದಿನ ಸೀಟಿನಲ್ಲಿ ಯಾರೋ ಸೀನಿದರು, ಆಮೇಲೆ ಅವರ ಪಕ್ಕದವರು, ಆಮೇಲೆ ಕಂಡಕ್ಟರ್. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಬಂದವರನ್ನು ಹೀಗೇ ಬರಮಾಡಿಕೊಳ್ಳುತ್ತದೆ. ಇಲ್ಲಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಘಾಟಿನ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಮೂಗಿಗೆ ಕರವಸ್ತ್ರ ಹಿಡಿದು ಕಿಟಕಿಯ ಕಡೆ ತಿರುಗಿದೆ. ಅದು ಘಾಟಿಗಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ, ಜನವರಿಯಿಂದ ಜೂನ್‌ವರೆಗೆ, ಇದೇ ರಸ್ತೆಯಲ್ಲಿ ವಾರಕ್ಕೆ ಎರಡು ಸಲ ಓಡಾಡಿದ್ದೆ. ಸೋಮವಾರ ಮತ್ತು ಗುರುವಾರ, ಅಂದರೆ ಮೆಣಸಿನಕಾಯಿ ಪೇಟೆಯ ದಿನ. ದಿನಚರಿ ಬರೆಯುವುದು ನನ್ನ ಚಟ. ಯಾವ ದಿನ ಯಾರನ್ನು ಕಂಡೆ, ಏನು ಕೇಳಿದೆ, ಎಷ್ಟು ಪ್ರಶ್ನೆಗೆ ಉತ್ತರ ಸಿಕ್ಕಿತು, ಎಷ್ಟು ಬಾಕಿ ಉಳಿಯಿತು ಎಂದು ಗೆರೆ ಎಳೆದು ಬರೆಯುತ್ತೇನೆ. ಆ ಆರು ತಿಂಗಳ ಪುಟಗಳನ್ನು ಮತ್ತೆ ತೆರೆದಿರಲಿಲ್ಲ. ಕಾರ್ಯದಿಂದ ಮನೆಗೆ ಬಂದ ರಾತ್ರಿಯೇ ತೆರೆದೆ.

ಆಗ ನಾನು ರಾಣೆಬೆನ್ನೂರಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿದ್ದೆ. ಕೆಳಗೆ ಬೀಜ, ಔಷಧದ ಅಂಗಡಿ, ಮೇಲೆ ನಾವು ಮೂವರು. ಗಿರೀಶ್ ಸರ್ ಮಾಲೀಕರು. ಪ್ರೋಗ್ರಾಂ ಬರೆಯುವವನು ಸಂತೋಷ. ನಾನು ಗಣಿತದಲ್ಲಿ ಎಂಎಸ್ಸಿ ಮಾಡಿ, ತರ್ಕವನ್ನೇ ವಿಶೇಷವಾಗಿ ಓದಿ, ಅದರಿಂದ ಏನು ಕೆಲಸ ಸಿಗುತ್ತದೆ ಎಂದು ಎಲ್ಲರಿಂದ ಕೇಳಿಸಿಕೊಂಡು ಕೊನೆಗೆ ಅಲ್ಲಿಗೆ ಬಂದವಳು. ನನ್ನ ಕೆಲಸ ಸಾಫ್ಟ್‌ವೇರ್ ಮಾಡುವುದಲ್ಲ. ಮಾಡುವ ಮೊದಲು, ಅದು ಏನೇನು ಮಾಡಬೇಕು, ಏನೇನು ಮಾಡಬಾರದು ಎಂದು ಎಲ್ಲರನ್ನೂ ಕೇಳಿ ಒಂದು ಬೇಡಿಕೆ ಪತ್ರ ತಯಾರಿಸುವುದು. ಸಂತೋಷ ಅದನ್ನು ನೋಡಿ ಪ್ರೋಗ್ರಾಂ ಬರೆಯುತ್ತಿದ್ದ. ಪತ್ರದಲ್ಲಿ ಇಲ್ಲದ್ದು ಯಂತ್ರದಲ್ಲೂ ಇರುವುದಿಲ್ಲ.

ಆ ಸಲ ಕೆಲಸ ಕೊಟ್ಟವರು ಬ್ಯಾಡಗಿಯ ಒಬ್ಬ ಕೋಲ್ಡ್ ಸ್ಟೋರೇಜ್ ಮಾಲೀಕರು, ಶಂಕ್ರಪ್ಪ ಸಾವಕಾರರು. ರೈತರು ಮೆಣಸಿನಕಾಯಿ ಚೀಲಗಳನ್ನು ಅಲ್ಲಿ ತಂಪಿನಲ್ಲಿಟ್ಟು ದರ ಬರುವವರೆಗೆ ಕಾಯುತ್ತಾರೆ. ಇಟ್ಟಾಗ ಒಂದು ಚೀಟಿ ಸಿಗುತ್ತದೆ. ಬಹಳ ಮಂದಿ ಆ ಚೀಟಿಯನ್ನು ತಮ್ಮ ದಲಾಲಿಯ ಅಂಗಡಿಯಲ್ಲೇ ಬಿಟ್ಟು ಊರಿಗೆ ಹೋಗುತ್ತಾರೆ. ದರ ಬಂದ ದಿನ ದಲಾಲಿ ಹಮಾಲರ ಕೈಯಲ್ಲಿ ಚೀಟಿ ಕಳಿಸಿ ಚೀಲ ತೆಗೆಸುತ್ತಾನೆ. ಇಷ್ಟನ್ನೂ ಈರಪ್ಪ ಎಂಬ ಗುಮಾಸ್ತರು ಗೇಟಿನಲ್ಲಿ ಕೂತು ಕಾಗದದ ಮೇಲೆ ನಡೆಸುತ್ತಿದ್ದರು. ಈಗ ಅದೆಲ್ಲ ಕಂಪ್ಯೂಟರಿಗೆ ಬರಬೇಕಿತ್ತು.

ರೈತರ ಮಾತು ಕೇಳಲು ಜನವರಿಯ ಮೊದಲ ಗುರುವಾರ ಸ್ಟೋರೇಜಿನ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದ್ದೆ. ಹೆಚ್ಚಿನವರು ಬಾಡಿಗೆ ಕಡಿಮೆ ಮಾಡಿಸು ಎಂದರು. ಅದು ನನ್ನ ಕೈಯಲ್ಲಿಲ್ಲ ಎಂದಾಗ ಚಹಾ ಆದರೂ ಕುಡಿಸು ಎಂದರು. ಹಿಂದೆ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಮೋಟೆಬೆನ್ನೂರಿನ ಆಚೆಯ ಹಳ್ಳಿಯ ನೀಲವ್ವ. ಐವತ್ತೈದು ದಾಟಿದ ವಯಸ್ಸು, ಸ್ವಂತ ಹೊಲ, ತಾನೇ ಬೇಸಾಯ ನೋಡಿಕೊಳ್ಳುವವಳು.

"ಬರಕೋ ತಂಗಿ," ಎಂದಳು. "ಬಟ್ಟಿ ಕಟ್ಟಿದ ಚೀಲ ಅದನ್ನ ಇಟ್ಟಾಕಿ ಬರೂತನ ಹೊರಗ ಹೋಗಬಾರದು. ಚೀಟಿ ಯಾರ ಕೈಯಾಗರ ಇರ್ಲಿ."

ಏನದು ಬಟ್ಟೆ ಎಂದು ಕೇಳಿದೆ. ಅದು ಆ ಸ್ಟೋರೇಜಿನ ಹಳೆಯ ರೂಢಿ. ಮಾರುವ ಚೀಲಗಳ ಜೊತೆ ಬೀಜಕ್ಕೆಂದು ಆರಿಸಿದ ಕಾಯಿಯ ಚೀಲವನ್ನೂ ಕೆಲವರು ತಂಪಿನಲ್ಲಿ ಇಡುತ್ತಾರೆ. ಒಂದೇ ಗಾಡಿಯಲ್ಲಿ ಬರುವುದರಿಂದ ಎಲ್ಲಕ್ಕೂ ಒಂದೇ ಚೀಟಿ. ಗುರುತಿಗೆಂದು ಬೀಜದ ಚೀಲದ ಬಾಯಿಗೆ ಹಳೆಯ ಕುಪ್ಪಸದ ಖಣದ ತುಂಡು ಕಟ್ಟುತ್ತಾರೆ. ಚೀಟಿ ಹಿಡಿದು ಹಮಾಲರು ಬಂದರೆ ಈರಪ್ಪ ಬಟ್ಟೆ ಕಟ್ಟಿದ್ದನ್ನು ಮಾತ್ರ ಪಕ್ಕಕ್ಕೆ ಉರುಳಿಸಿ ಉಳಿದದ್ದನ್ನು ಬಿಡುತ್ತಿದ್ದರು.

"ನೀಲವ್ವ, ನಿನ್ನ ಖಣ ನೋಡಾಕ ಕಂಪ್ಯೂಟರಿಗೆ ಕಣ್ಣೆಲ್ಲಿ ಅದಾವ?" ಎಂದು ಮುಂದೆ ಕೂತ ಒಬ್ಬ ಕಾಲೆಳೆದ.

"ನಿನಗ ಅದಾವಲ್ಲ, ನೀ ಏನ್ ನೋಡೀದಿ? ಹೋದ ವರ್ಷ ಡಬ್ಬಿ ಅಂತ ಹೈಬ್ರಿಡ್ ತಂದು ಹಚ್ಚಿದಿ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಆ ವರ್ಷ ಕಪ್ಪು ನುಸಿ ಬಿದ್ದು ಆಕೆಯ ಹೊಲದ ಗಿಡಗಳೆಲ್ಲ ಮುರುಟಿದ್ದವು. ಬೀಜಕ್ಕೆಂದು ಒಂದು ಕಾಯಿಯೂ ಆರಿಸಲು ಬಂದಿರಲಿಲ್ಲ. ಅತ್ತೆ ಕೊಟ್ಟ ಬೀಜ, ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಡಬ್ಬಿ ಎಂಬ ತಳಿಯ ಕಾಯಿ, ಗಿಡ್ಡ, ದಪ್ಪ, ಸುಕ್ಕು ಸುಕ್ಕು. ಹಿಂದಿನ ವರ್ಷ ಆರಿಸಿಟ್ಟ ಅರ್ಧ ಚೀಲವಷ್ಟೇ ಉಳಿದಿತ್ತು, ಅದೂ ಈ ಸ್ಟೋರೇಜಿನ ಒಳಗೆ, ದರಕ್ಕೆ ಕಾದಿದ್ದ ಹಿಂದಿನ ವರ್ಷದ್ದೇ ಚೀಲಗಳ ಜೊತೆ. "ಇದ್ದದ್ದೆಲ್ಲ ಥಂಡ್ಯಾಗ ಐತಿ. ಮಿರಗದ ಮಳಿಗೆ ಬಂದು ಒಯ್ತೇನಿ," ಎಂದಳು. ಮಿರಗ ಅಂದರೆ ಮೃಗಶಿರ, ಜೂನಿನ ಮಳೆ. ನಾನು ಬರೆದುಕೊಂಡೆ. ಪತ್ರದಲ್ಲಿ ಅದು ಹದಿನೇಳನೇ ನಿಯಮವಾಯಿತು.

ನಾಲ್ಕನೇ ನಿಯಮ ಸಾವಕಾರರದು. ಅವರು ಹೇಳಿದ್ದನ್ನು ಹಾಗೇ ಇಳಿಸಿಕೊಂಡಿದ್ದೇನೆ: "ಚೀಟಿ ಅಂದ್ರ ಮಾಲು. ಚೀಟಿ ತಂದವಗ ಚೀಟಿಯೊಳಗಿನ ಎಲ್ಲಾ ಮಾಲು ಕೊಡೋದು. ಅದರಾಗ ಎರಡು ಮಾತಿಲ್ಲ."

ಎರಡು ಮಾತು ಇದ್ದವು ಎಂಬುದು ಫೆಬ್ರವರಿಯಲ್ಲಿ ತಿಳಿಯಿತು. ನನ್ನ ಪದ್ಧತಿ ಹೀಗಿತ್ತು. ಪ್ರತಿ ನಿಯಮವನ್ನೂ 'ಹೀಗಿದ್ದರೆ ಹೀಗೆ' ಎಂಬ ರೂಪಕ್ಕೆ ತಂದು, ಅಕ್ಷರ ಮತ್ತು ಚಿಹ್ನೆಗಳಲ್ಲಿ ಬರೆದು, ಒಂದನ್ನೊಂದು ತಾಗಿಸಿ ನೋಡುವುದು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲದ ಜೋಡಿಗಳನ್ನು ಹೆಕ್ಕುವುದು. ಹನ್ನೊಂದು ಜೋಡಿ ಸಿಕ್ಕವು. ಹತ್ತು ಜೋಡಿ ಚಹಾ ಕುಡಿಯುತ್ತ ಬಗೆಹರಿದವು. ಬಾಡಿಗೆಯ ದಿನವನ್ನು ಮೊದಲ ಚೀಲ ಬಂದಾಗಿನಿಂದ ಎಣಿಸುವುದೋ, ಕೊನೆಯ ಚೀಲ ಬಂದಾಗಿನಿಂದಲೋ, ಇಂಥವು. ಹನ್ನೊಂದನೆಯದು ನಾಲ್ಕು ಮತ್ತು ಹದಿನೇಳರ ಜೋಡಿ. ಚೀಟಿಯಲ್ಲಿ ಬಟ್ಟೆ ಕಟ್ಟಿದ ಚೀಲವೂ ಇದ್ದು, ಚೀಟಿ ತಂದವರು ಅದರ ಒಡತಿ ಅಲ್ಲದಿದ್ದರೆ, ನಾಲ್ಕನೆಯದು 'ಕೊಡು' ಎನ್ನುತ್ತದೆ, ಹದಿನೇಳು 'ಕೊಡಬೇಡ' ಎನ್ನುತ್ತದೆ.

ಗಿರೀಶ್ ಸರ್‌ಗೆ ತೋರಿಸಿದೆ. "ಲಗ್ನದ ಮನ್ಯಾಗ ಬೀಗರ ಬೀಗರ ಒಪ್ಪಂಗಿಲ್ಲ, ನೀ ನಿಯಮ ಒಪ್ಪಸಾಕ ಹೊಂಟೀದಿ," ಎಂದು ನಕ್ಕರು. ಕೆಟ್ಟವರಲ್ಲ. ತಿಂಗಳ ಕೊನೆಯಲ್ಲಿ ಸಂಬಳ ತಪ್ಪಿಸಿದವರಲ್ಲ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾದವು.

ವಿರೋಧ ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ವಿವರಿಸಿದೆ. ಎಂಎಸ್ಸಿಯಲ್ಲಿ ತರ್ಕ ಕಲಿಸಿದ ನಮ್ಮ ಮೇಷ್ಟರು ಹೇಳುತ್ತಿದ್ದರು: ಮಳೆ ಬಂದಿದೆ, ಮಳೆ ಬಂದಿಲ್ಲ, ಎರಡನ್ನೂ ಒಮ್ಮೆ ಒಪ್ಪಿಕೊಂಡರೆ ಆಮೇಲೆ ತುಂಗಭದ್ರೆ ಹಿಂದಕ್ಕೆ ಹರಿಯುತ್ತದೆ ಎಂದೂ ಸಾಧಿಸಿ ತೋರಿಸಬಹುದು. ಹಳೆಯ ತರ್ಕ ಅಷ್ಟು ನಾಜೂಕು, ಒಂದು ವಿರೋಧ ಒಳಗೆ ಬಂದರೆ ಮನೆಯೆಲ್ಲ ಕೆಡುತ್ತದೆ. ಅದಕ್ಕಾಗಿಯೇ ಎಲ್ಲರೂ ಅವಸರದಲ್ಲಿ ಎರಡರಲ್ಲಿ ಒಂದನ್ನು ಅಳಿಸುತ್ತಾರೆ. ಆದರೆ ಇನ್ನೊಂದು ಬಗೆಯ ತರ್ಕವಿದೆ. ಅದು ಎರಡನ್ನೂ ಇಟ್ಟುಕೊಳ್ಳುತ್ತದೆ. ಯಾವ ಮಾತನ್ನು ಯಾರು ಹೇಳಿದರು ಎಂದು ಅದಕ್ಕೆ ಕಟ್ಟಿ ಇಡುತ್ತದೆ. ಇಬ್ಬರ ಮಾತು ಡಿಕ್ಕಿ ಹೊಡೆಯುವ ಜಾಗದಲ್ಲಿ ಮಾತ್ರ ಯಾವ ತೀರ್ಮಾನಕ್ಕೂ ಬರದೆ ನಿಂತು, ಮನುಷ್ಯರನ್ನು ಕೇಳುತ್ತದೆ. ಉಳಿದ ಕಡೆ ಕೆಲಸ ನಡೆಯುತ್ತಲೇ ಇರುತ್ತದೆ. ಈರಪ್ಪ ಗೇಟಿನಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ಹಾಗೇ ಬರೆದೆ. ಚೀಟಿ ಸ್ಕ್ಯಾನ್ ಮಾಡಿದಾಗ ಎಲ್ಲ ಸರಿಯಿದ್ದರೆ ಪರದೆ ಹಸಿರು. ನಾಲ್ಕು ಮತ್ತು ಹದಿನೇಳು ಕೂಡಿ ಬಂದರೆ ಹಳದಿ. ಹಳದಿ ಬಂದಾಗ ಆ ಒಂದು ಚೀಲವನ್ನು ತಡೆದು, ಅದನ್ನು ಇಟ್ಟವರಿಗೆ ಫೋನು ಮಾಡಬೇಕು. ಇಷ್ಟೇ.

ಸಾವಕಾರರು ಹಳದಿಯನ್ನು ಒಪ್ಪಲಿಲ್ಲ. ಪೇಟೆಯ ದಿನ ಗೇಟಿನ ಮುಂದೆ ಲಾರಿ, ಟೆಂಪೋ ಸಾಲುಗಟ್ಟಿ ನಿಲ್ಲುತ್ತವೆ. ಫೋನು ಎತ್ತದ ರೈತನಿಗಾಗಿ ಯಾರು ಕಾಯಬೇಕು ಎಂದು ಕೇಳಿದರು. ಯಂತ್ರ ತಂದದ್ದೇ ಕೇಳುವುದು ತಪ್ಪಲಿ ಎಂದು, ಈಗ ಅದೇ ಕೇಳುತ್ತದೆ ಎಂದರೆ ಹೇಗೆ ಎಂದರು. ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಎನ್ನಲಾರೆ. ಸರ್ ರಾಣೆಬೆನ್ನೂರಿಗೆ ವಾಪಸು ಬರುವಾಗ ಕಾರಿನಲ್ಲಿ ನನಗೆ ಹೇಳಿದರು, ಎರಡರಲ್ಲಿ ಒಂದು ಹೋಗಲೇಬೇಕು, ಯಾವುದನ್ನು ತೆಗೆದರೆ ಪತ್ರ ಕಡಿಮೆ ಕೆಡುತ್ತದೆ, ಲೆಕ್ಕ ಹಾಕಿ ಕೊಡು.

ಅದಕ್ಕೂ ಶಾಸ್ತ್ರದಲ್ಲಿ ವಿಧಾನವಿದೆ. ಒಂದೊಂದು ನಿಯಮಕ್ಕೆ ಬೇರೆ ಎಷ್ಟು ನಿಯಮಗಳು ಆತುಕೊಂಡಿವೆ ನೋಡಬೇಕು. ಕಡಿಮೆ ಆಧಾರ ಕೊಡುವುದನ್ನು ತೆಗೆಯಬೇಕು. ನಾಲ್ಕನೆಯದಕ್ಕೆ ಬಾಡಿಗೆಯ ಲೆಕ್ಕ ಆತುಕೊಂಡಿತ್ತು, ಗೇಟ್ ಪಾಸ್ ಆತುಕೊಂಡಿತ್ತು, ವಿಮೆ, ಬ್ಯಾಂಕಿನ ಕಾಗದ, ಹಮಾಲರ ಹಾಜರಿ, ಎಲ್ಲ ಚೀಟಿಯ ಮೇಲೆಯೇ ನಿಂತಿದ್ದವು. ಹದಿನೇಳಕ್ಕೆ ಏನೂ ಆತುಕೊಂಡಿರಲಿಲ್ಲ. ಅದು ಒಬ್ಬಂಟಿ ಮಾತು. ಲೆಕ್ಕ ಸರಿಯಾಗಿತ್ತು, ಎರಡು ಸಲ ಹಾಕಿ ನೋಡಿದೆ. ಆ ಸಂಜೆ ದಿನಚರಿಯಲ್ಲಿ ಬರೆದಿರುವುದು ಇದು: 'ಉಳ್ಳವರ ಒಂದು ಮಾತಿಗೆ ಹತ್ತು ಮಾತು ಜೋತುಬಿದ್ದಿರುತ್ತವೆ. ಮುಟ್ಟಿದರೆ ಹತ್ತೂ ಅಲುಗುತ್ತವೆ. ಇಲ್ಲದವರ ಮಾತು ಕಿತ್ತರೆ ಏನೂ ಅಲುಗುವುದಿಲ್ಲ. ಇದನ್ನು ಶಾಸ್ತ್ರ ಕನಿಷ್ಠ ಬದಲಾವಣೆ ಎಂದು ಕರೆಯುತ್ತದೆ.'

ಲೆಕ್ಕದ ಕೆಳಗೆ ಒಂದು ಟಿಪ್ಪಣಿ ಹಾಕಿದ್ದೆ. ಹದಿನೇಳನ್ನು ತೆಗೆದರೆ ಪತ್ರ ಕೆಡುವುದಿಲ್ಲ, ಆದರೆ ಬೀಜ ಇಟ್ಟವರು ಕೆಡುತ್ತಾರೆ, ತೆಗೆಯುವ ಮೊದಲು ಅವರನ್ನು ಕೇಳಬೇಕು ಎಂದು. ಸರ್ ಓದಿದರು. ಟಿಪ್ಪಣಿ ಇದ್ದರೆ ಪತ್ರ ಅನುಮಾನದ್ದಾಗಿ ಕಾಣುತ್ತದೆ, ಗಿರಾಕಿ ಅನುಮಾನ ಕೊಳ್ಳಲು ಬರುವುದಿಲ್ಲ ಎಂದರು. ರೈತರಿಗೆ ಯಾರು ತಿಳಿಸುತ್ತಾರೆ ಎಂದು ಕೇಳಿದೆ. ಸಾವಕಾರರು ತಿಳಿಸುತ್ತಾರೆ ಎಂದರು. ಸಾವಕಾರರು ದಲಾಲಿಗಳು ತಿಳಿಸುತ್ತಾರೆ ಎಂದುಕೊಂಡಿದ್ದರು. ದಲಾಲಿಗಳಿಗೆ ತಿಳಿಸಲು ಏನಿದೆ ಎಂದೇ ಗೊತ್ತಿರಲಿಲ್ಲ.

ಮಾರ್ಚ್ ಕೊನೆಯಲ್ಲಿ, ಹದಿನೇಳೂ ಟಿಪ್ಪಣಿಯೂ ಇಲ್ಲದ ಪತ್ರಕ್ಕೆ ಸಹಿ ಬಿತ್ತು. ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಧಾರವಾಡದ ಪೇಡೆ ಹಂಚಿದರು. "ಇಷ್ಟು ನಿಯಮದಾಗ ಒಂದೂ ಒಂದಕ್ಕೊಂದು ಎದುರಿಲ್ಲ, ನಮ್ಮ ಹುಡುಗಿ ತರ್ಕ ಓದ್ಯಾಳ," ಎಂದು ಸರ್ ಸಾವಕಾರರ ಮುಂದೆ ನನ್ನನ್ನು ಹೊಗಳಿದರು. ನಾನು ಪೇಡೆ ತಿಂದೆ.

ಆ ಬೇಸಿಗೆ ಬಿಸಿಲು ಬಹಳ ಇತ್ತು. ಏಪ್ರಿಲ್‌ನಲ್ಲಿ ಸ್ಟೋರೇಜಿನ ಅಂಗಳದ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಮಾತ್ರ ಉಸಿರು ಹೊಗೆಯಾಗುವಷ್ಟು ತಂಪು. ಪ್ರಿಂಟರ್ ಕೈಕೊಟ್ಟಾಗಲೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಈರಪ್ಪ ಈಗ ಪೆನ್ನಿನ ಬದಲು ಸ್ಕ್ಯಾನರ್ ಹಿಡಿದು ಕೂತಿದ್ದರು. "ಚಲೋ ಆತು ಬಿಡು, ಈಗ ಯಾರೂ ನನ್ನ ಬೈಯಂಗಿಲ್ಲ, ಅದನ್ನ ಬೈತಾರ," ಎಂದು ಪರದೆ ತೋರಿಸುತ್ತಿದ್ದರು. ಮೇ ತಿಂಗಳಲ್ಲಿ ದರ ಏಕಾಏಕಿ ಏರಿತು. ದಲಾಲಿಗಳು ಕಟ್ಟುಗಟ್ಟಲೆ ಚೀಟಿ ಕಳಿಸಿದರು. ಗೇಟು ದಿನವಿಡೀ ತೆರೆದೇ ಇತ್ತು, ಪರದೆ ದಿನವಿಡೀ ಹಸಿರು.

ಜೂನ್ ಎರಡನೇ ವಾರ, ಗುರುವಾರ, ಮೊದಲ ಮಳೆ ಬಿದ್ದ ಮರುದಿನ ನೀಲವ್ವ ಬಂದಳು. ಕೈಯಲ್ಲಿ ಖಾಲಿ ಚೀಲ, ಬುತ್ತಿಯ ಗಂಟು. ಪ್ರಿಂಟರಿನ ಮುಂದೆ ಕೂತಿದ್ದ ನನ್ನನ್ನು ಗುರುತು ಹಿಡಿದು, "ಉಂಡಿ ಏನ್ ತಂಗಿ?" ಎಂದಳು. ಈರಪ್ಪ ಆಕೆಯ ಹೆಸರು ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ಆಕೆಯ ಹೆಸರಿನಲ್ಲಿ ಒಳಗೆ ಏನೂ ಇರಲಿಲ್ಲ. ಮೇ ತಿಂಗಳಲ್ಲಿ ದಲಾಲಿಯ ಹಮಾಲರು ಚೀಟಿ ತಂದು ಎಲ್ಲ ಚೀಲ ಒಯ್ದಿದ್ದರು. ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗೆ ಖರೀದಿ ಮಾಡುವವರೊಬ್ಬರಿಗೆ ಮಾಲು ಹೋಗಿತ್ತು. ದಲಾಲಿ ಮೋಸ ಮಾಡಿರಲಿಲ್ಲ. ಚಲೋ ದರ ಬಂದಿದೆ ಎಂದು ಆಕೆಗೆ ಫೋನಿನಲ್ಲಿ ಹೇಳಿದ್ದ, ಆಕೆ ಮಾರು ಎಂದಿದ್ದಳು. ಬಟ್ಟೆ ಕಟ್ಟಿದ್ದು ಒಳಗೇ ಉಳಿಯುತ್ತದೆ ಎಂದು ಇಬ್ಬರೂ ತಿಳಿದಿದ್ದರು. ಯಾವಾಗಲೂ ಉಳಿಯುತ್ತಿತ್ತಲ್ಲ.

ನೀಲವ್ವ ಈರಪ್ಪನ ಮುಖ ನೋಡಿದಳು. "ಖಣ ಕಟ್ಟಿದ್ದೆ. ನೋಡಲಿಲ್ಲೇನ್ ಅಣ್ಣಾ?"

"ನೋಡಿದೆ ಯವ್ವಾ," ಎಂದರು ಈರಪ್ಪ. "ಪರದಿ ಹಸರ ಇತ್ತು. ಹಸರ ಇದ್ರ ತಡೀಬ್ಯಾಡ ಅಂದಿದ್ರು."

ಸಾವಕಾರರು ಬಂದರು. ಸರ್‌ಗೆ ಫೋನು ಮಾಡಿದರು, ಅವರು ರಾಣೆಬೆನ್ನೂರಿನಿಂದ ಮಧ್ಯಾಹ್ನದೊಳಗೆ ಬಂದರು. ಆಫೀಸಿನ ಕೋಣೆಯಲ್ಲಿ ಐವರು ಕೂತೆವು. ಸಾವಕಾರರು ತಪ್ಪು ಸಾಫ್ಟ್‌ವೇರಿನದು ಎಂದರು. ಸರ್ ಸಾಫ್ಟ್‌ವೇರ್ ಪತ್ರದಂತೆಯೇ ನಡೆದಿದೆ ಎಂದು ಪತ್ರ ತೆಗೆದು ಸಹಿ ತೋರಿಸಿದರು. ಸಹಿ ಸಾವಕಾರರದೇ. ಹಾಗಿದ್ದರೆ ಯಾರದೂ ತಪ್ಪಿಲ್ಲ ಎಂಬಲ್ಲಿಗೆ ಇಬ್ಬರೂ ಬೇಗ ಬಂದು ಮುಟ್ಟಿದರು. ಅರ್ಧ ಚೀಲಕ್ಕೆ ಆವತ್ತಿನ ದರ ಹಾಕಿ ಕೊಟ್ಟಾಗಿದೆಯಲ್ಲ, ಇನ್ನೂ ಸ್ವಲ್ಪ ಸೇರಿಸಿ ಕೊಡೋಣ ಎಂದರು ಸಾವಕಾರರು. ಬೀಜದಂಗಡಿಯಲ್ಲಿ ಡಬ್ಬಿಯ ಪಾಕೀಟು ಸಿಗುತ್ತದೆ ಎಂದು ಸರ್ ನೆನಪು ಮಾಡಿದರು, ಅಂಗಡಿ ನಮ್ಮ ಆಫೀಸಿನ ಕೆಳಗೇ ಇದೆ.

ನೀಲವ್ವ ನನ್ನ ಕಡೆ ತಿರುಗಿದಳು.

"ನಾ ಹೇಳಿದ್ದು ನೀ ಬರಕೊಂಡಿದ್ದಿ, ಹೌದಿಲ್ಲೋ?"

"ಹೌದ್ರಿ."

"ನನ್ನ ಮಾತು ತಪ್ಪಂತ ಯಾರರ ಅಂದ್ರೇನು?"

"ಯಾರೂ ಅನ್ನಲಿಲ್ರಿ."

"ಮತ್ತ ಯಾಕ ತಗದ್ರಿ?"

"ಎರಡೂ ಕೂಡಿ ಇರಾಕ ಬರತಿರಲಿಲ್ರಿ. ನಿಮ್ಮ ಮಾತು, ಸಾವಕಾರರ ಮಾತು."

ಆಕೆಗೆ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು:

"ಹಂಗಿದ್ರ ಅವರದ ತಗೀಬೇಕಿತ್ತಲ್ಲ?"

ಸರ್ ಕೆಮ್ಮಿದರು. ಸಾವಕಾರರು ಫೋನು ನೋಡಿಕೊಂಡರು. ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿದೆ, ನಾನೇ ಎರಡು ಸಲ ಲೆಕ್ಕ ಹಾಕಿದ್ದೆ. ಎದ್ದು ಆಕೆಯ ಖಾಲಿ ಚೀಲ ಎತ್ತಿಕೊಂಡೆ.

ಆಕೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟೆ. ಆಕೆ ಅಲ್ಲಿಗೆ ಬರಲಿಲ್ಲ. ತನ್ನ ಮಾಲಿನ ತೊಟ್ಟು ಮುರಿದ ಅಂಗಳ ಯಾವುದು ಎಂದು ದಲಾಲಿಯನ್ನು ಕೇಳಿ ಅಲ್ಲಿಗೆ ನಡೆದಳು, ನಾನೂ ಹಿಂದೆ ಹೋದೆ. ನೂರಾರು ಹೆಂಗಸರು ಕೆಂಪು ಗುಡ್ಡೆಗಳ ಸುತ್ತ ಕೂತು, ಮೂಗಿಗೆ ಸೆರಗು ಕಟ್ಟಿ ತೊಟ್ಟು ಮುರಿಯುತ್ತಿದ್ದರು. ಹಾಗೆ ಮುರಿಯುವಾಗ ಉದುರಿದ ಬೀಜವನ್ನು ಗುಡಿಸಿ ಮೂಲೆಯಲ್ಲಿ ರಾಶಿ ಹಾಕಿದ್ದರು. ಯಾರ ಯಾರದೋ ಹೊಲದ್ದು, ಎಲ್ಲೆಲ್ಲಿಯದೋ, ಎಲ್ಲ ಕೂಡಿದ್ದು. ನೀಲವ್ವ ಮಂಡಿಯೂರಿ ಕೂತು ಅದರಲ್ಲಿ ಕೈ ಆಡಿಸಿದಳು.

"ಇದರಾಗ ನನ್ನವೂ ಅದಾವು. ಯಾವು ಅಂತ ಗೊತ್ತಾಗಂಗಿಲ್ಲ," ಎಂದಳು. ಎರಡು ಬೊಗಸೆ ಖಾಲಿ ಚೀಲಕ್ಕೆ ಹಾಕಿಕೊಂಡಳು. ಅಂಗಳದವರು ದುಡ್ಡು ಕೇಳಲಿಲ್ಲ.

ಜುಲೈಯಲ್ಲಿ ಕೆಲಸ ಬಿಟ್ಟೆ. ಈಗ ಹಾವೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸ್ಟೋರೇಜಿನವರು ಆಮೇಲೆ ಪತ್ರಕ್ಕೆ ಒಂದು ಹೊಸ ನಿಯಮ ಸೇರಿಸಿದರು ಎಂದು ಸಂತೋಷ ಹೇಳಿದ. ಬೀಜದ ಚೀಲವನ್ನು ಇಡುವವರು ತಮ್ಮದೇ ಜವಾಬ್ದಾರಿಯಲ್ಲಿ ಇಡತಕ್ಕದ್ದು. ಅದು ಯಾವ ನಿಯಮಕ್ಕೂ ಎದುರಾಗುವುದಿಲ್ಲ. ನಾನೇ ಮನಸ್ಸಿನಲ್ಲಿ ತಾಗಿಸಿ ನೋಡಿದ್ದೇನೆ.

ನೀಲವ್ವನ ಊರಿಗೆ ಎರಡು ಸಲ ಹೋದೆ. ಮೊದಲನೇ ಸಲ ದೀಪಾವಳಿ ಕಳೆದ ಮೇಲೆ. ಮನೆಯ ಹಿಂದೆ ಬೇಲಿ ಹಾಕಿದ ಒಂದು ತುಂಡು ನೆಲದಲ್ಲಿ ಆ ಬೀಜದ ಗಿಡಗಳು ಸೊಂಟದೆತ್ತರ ಬೆಳೆದು ಹಸಿರು ಕಾಯಿ ಹಿಡಿದಿದ್ದವು. ಹೊಲದಲ್ಲಿ ಪಾಕೀಟಿನ ಬೀಜ ಹಾಕಿದ್ದಳು, ಅದು ಮಾರಲು. ಇದು ಹುಡುಕಲು. ನನಗೆ ಎಲ್ಲ ಗಿಡವೂ ಒಂದೇ ಥರ ಕಂಡವು. ಆಕೆಗೆ ಹಾಗೆ ಕಾಣಲಿಲ್ಲ. ಉದ್ದ ಕಾಯಿ ಬಿಟ್ಟವನ್ನು ಆಗಲೇ ಕಿತ್ತು ಬೇಲಿಯಾಚೆ ಎಸೆದಿದ್ದಳು. ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಉಣ್ಣಿಸಿದಳು. "ಕೆಂಪಾದಮ್ಯಾಲೆ ಸುಕ್ಕು ನೋಡಬೇಕು, ಒಣಗಿದಮ್ಯಾಲೆ ವಾಸನಿ ನೋಡಬೇಕು. ಎಲ್ಲಾ ಕೂಡಿ ಬಂದ್ರ ಅದು ನಂದು," ಎಂದಳು. ಬರುವಾಗ ಲೆಕ್ಕ ಹಾಕಿಕೊಂಡು ಬಂದೆ. ಇಷ್ಟು ಗಿಡಗಳಲ್ಲಿ ಒಂದಾದರೂ ಇರಲೇಬೇಕು. ದಿನಚರಿಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಎರಡನೇ ಸಲ ಹೋದದ್ದು ಫೆಬ್ರವರಿಯಲ್ಲಿ. ಬೇಲಿ ಹಾಗೇ ಇತ್ತು. ಒಳಗೆ ನೆಲ ಅಗೆದು ಸಮ ಮಾಡಿತ್ತು. ಒಂದು ಕಡ್ಡಿಯೂ ನಿಂತಿರಲಿಲ್ಲ. ಒಂದಕ್ಕೆ ಸುಕ್ಕಿತ್ತಂತೆ, ಬಣ್ಣವಿರಲಿಲ್ಲ. ಒಂದಕ್ಕೆ ಎರಡೂ ಇದ್ದವು, ಒಣಗಿದ ಮೇಲೆ ಮೂಗಿಗೆ ಹಿಡಿದಾಗ ಬೇರೆಯದೇ ವಾಸನೆ ಬಂತಂತೆ. ಸಂಕ್ರಾಂತಿಯ ಹೊತ್ತಿಗೆ ಕೊನೆಯದನ್ನೂ ಕಿತ್ತಿದ್ದಳು.

"ಒಂದರ ಬಿಡಬೇಕಿತ್ರಿ," ಎಂದೆ. "ಹತ್ತಿರದ್ದು ಒಂದು."

"ನಂದಲ್ಲದ್ದು ಇಟಕೊಂಡು ನಂದು ಅನ್ನಲೇನು?" ಎಂದಳು ನೀಲವ್ವ. "ಈಗ ನೋಡು, ಯಾವ ತಕರಾರೂ ಇಲ್ಲ."

ಖಾಲಿ ನೆಲದ ಮೇಲೆ ಆಕೆಯ ಎರಡು ಕೋಳಿ ಕೆದರುತ್ತಿದ್ದವು. ಈಗ ಪ್ರತಿ ವರ್ಷ ನಾನು ಕಲಿಸುವ ತರ್ಕದ ಮೊದಲ ಪಾಠಗಳಲ್ಲೇ ಒಂದು ಮಾತು ಬರುತ್ತದೆ: ಒಂದೂ ಮಾತಿಲ್ಲದ ಖಾಲಿ ಗುಂಪಿನಲ್ಲಿ ಎಂದೂ ವಿರೋಧವಿರುವುದಿಲ್ಲ. ಹುಡುಗರು ಅದು ಎದ್ದು ಕಾಣುವ ಮಾತು ಎಂದು ಬರೆದುಕೊಳ್ಳುವುದೂ ಇಲ್ಲ. ನಾನು ಬೋರ್ಡಿನ ಮೇಲೆ ಬರೆದು, ಅಳಿಸಿ, ಮುಂದಿನದಕ್ಕೆ ಹೋಗುತ್ತೇನೆ.